ಮಿಲ್ಟ್ರಿ ಭಾವನ ರಜೆ

ನಮ್ಮ ಭಾವನ ತೋಟ ಎಲ್ಲಿ ಎಂದು ಯಾರಾದರೂ ಕೇಳಿದರೆ ನಾನು ಸರ್ವೆ ನಂಬರ್ ಹೇಳುವುದಿಲ್ಲ. ಗುಬ್ಬಿ ಬಿಟ್ಟು ಬಿದರೆಹಳ್ಳಿ ಕಾವಲ್ ಕಡೆಗೆ ಹೋಗಿ, ತೆಂಗಿನ ಮರಗಳ ಬುಡಕ್ಕೆ ಮೊಳಕಾಲೆತ್ತರ ಕೆಮ್ಮಣ್ಣು, ಅದರ ಮೇಲೆ ಒಂದು ಗೇಣು ಸುಣ್ಣ ಬಳಿದಿರುವ ತೋಟ ಕಂಡರೆ ಗಾಡಿ ನಿಲ್ಲಿಸಿ ಎನ್ನುತ್ತೇನೆ. ಇಡೀ ತಾಲ್ಲೂಕಿನಲ್ಲಿ ಮರಕ್ಕೆ ಯೂನಿಫಾರಂ ತೊಡಿಸಿದ ಪುಣ್ಯಾತ್ಮ ಅವನೊಬ್ಬನೇ. ಕಾಲುದಾರಿಯ ಎರಡೂ ಬದಿಗೆ ತಲೆಗಾತ್ರದ ಕಲ್ಲುಗಳನ್ನು ಸಾಲಾಗಿ ಇಟ್ಟು ಅವಕ್ಕೂ ಸುಣ್ಣ ಹೊಡೆದಿದ್ದಾನೆ. ಸುಣ್ಣ ಬಳಿದರೆ ಕಾಯಿ ಜಾಸ್ತಿ ಬಿಡುತ್ತಾ ಭಾವ ಎಂದು ಚುಡಾಯಿಸಿದರೆ, "ನೀಟಾಗಿರ್ತದೆ" ಎಂದಷ್ಟೇ ಉತ್ತರ.

ಅವನ ಹೆಸರು ಸದಾಶಿವಯ್ಯ. ಕುಣಿಗಲ್ ತಾಲ್ಲೂಕಿನವನು, ಹುತ್ರಿದುರ್ಗದ ಬೆಟ್ಟದ ಕೆಳಗಿನ ಒಂದು ಹಳ್ಳಿ. ಎರಡು ಸಾವಿರದ ಇಸವಿಯಲ್ಲಿ ನನ್ನ ಅಕ್ಕ ಸರ್ವಮಂಗಳಳನ್ನು ಮದುವೆಯಾಗಿ, ಅಕ್ಕನ ಪಾಲಿಗೆ ಬಂದ ತೋಟ ನೋಡಿಕೊಂಡು ನಮ್ಮೂರಲ್ಲೇ ನಿಂತ. "ಒಂಬತ್ತು ವರ್ಷ ಮಿಲ್ಟ್ರಿಲಿದ್ದೆ, ಬಿಟ್ಟು ಬಂದೆ, ಪಿನ್ಷನ್ ಬರಲ್ಲ" ಎಂದು ಹೆಣ್ಣು ನೋಡಲು ಬಂದ ದಿನವೇ ನಮ್ಮಪ್ಪನಿಗೆ ಹೇಳಿದ್ದ. ಎಷ್ಟು ನೇರ ಮನುಷ್ಯ ಎಂದು ನಮ್ಮಪ್ಪ ಅಲ್ಲೇ ಒಪ್ಪಿಕೊಂಡುಬಿಟ್ಟರು. ಎದುರಿಗೆ ನಾನು ಅವನನ್ನು ಭಾವ, ನೀವು ಎಂದೇ ಮಾತಾಡಿಸುವುದು. ಬರೆಯುವಾಗ ಮಾತ್ರ ಅವನು ಎಂದು ಬರೆಯುತ್ತೇನೆ. ಸಿಟ್ಟು ಇನ್ನೂ ಇಳಿದಿಲ್ಲ.

ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತಾನೆ, ಏಳಿಸಲು ಕೋಳಿಯೂ ಬೇಡ ಮೊಬೈಲೂ ಬೇಡ. ಹೊದ್ದ ಕಂಬಳಿಯನ್ನು ಅಂಚಿಗೆ ಅಂಚು ಸೇರಿಸಿ ಇಟ್ಟಿಗೆಯ ಹಾಗೆ ಮಡಿಸಿಡುತ್ತಾನೆ. ಅಮಾವಾಸ್ಯೆ, ಸೋಮವಾರ ಎಂದು ನೋಡದೆ ದಿನಾ ಗಡ್ಡ ಬೋಳಿಸುತ್ತಾನೆ. ಊಟಕ್ಕೆ ಕೂತರೆ ಎರಡು ಮುದ್ದೆ ಐದು ನಿಮಿಷಕ್ಕೆ ಖಾಲಿ, ತಟ್ಟೆ ತಾನೇ ತೊಳೆದಿಡುತ್ತಾನೆ. ಮೊದಲ ಸಲ ಅದನ್ನು ನೋಡಿ ನಮ್ಮಮ್ಮನಿಗೆ ಅಳುವೇ ಬಂದಿತ್ತು, ಅಳಿಯನ ಉಪಚಾರದಲ್ಲಿ ಏನೋ ಕಮ್ಮಿ ಮಾಡಿದೆವು ಎಂದು. ಸಂಜೆ ಆರೂವರೆಗೆ ಬರುತ್ತೇನೆ ಎನ್ನುವುದಿಲ್ಲ, ಹದಿನೆಂಟು ಮೂವತ್ತು ಎನ್ನುತ್ತಾನೆ. ಹೋಟೆಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಹಾಗೆಯೇ ಕೂರಬೇಕು. ಆ ಜಾಗ ಸಿಗದಿದ್ದರೆ ಕಾಫಿಯೇ ಬೇಡ. ತೋಟದಲ್ಲಿ ಕಳೆ ಕೀಳುವುದಕ್ಕೆ ಅವನು ಸಿಪಾಯಿಗಳ ಮಾತಿನಲ್ಲಿ ಫಟೀಕ್ ಎನ್ನುತ್ತಾನೆ. ಅವನ ಜೊತೆ ನಡೆದರೆ ಹತ್ತು ಹೆಜ್ಜೆಯೊಳಗೆ ನಮ್ಮ ಕಾಲೂ ಅವನ ಕಾಲಿನ ತಾಳಕ್ಕೆ ಬಿದ್ದುಬಿಡುತ್ತದೆ. ಗುಬ್ಬಿ ಸಂತೆಯಲ್ಲಿ ನಾವಿಬ್ಬರೂ ಬದನೆಕಾಯಿ ಚೀಲ ಹಿಡಿದು ಪರೇಡ್ ಮಾಡಿದ್ದನ್ನು ನೋಡಿ ಜನ ನಕ್ಕಿದ್ದಾರೆ. ಊರಿನಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆದದ್ದಿಲ್ಲ. ಮಿಲ್ಟ್ರಿ ಎಂದರೆ ಮುಗಿಯಿತು.

ಅವನ ಮಗಳು ರೂಪಶ್ರೀ ನಡೆಯಲು ಕಲಿತದ್ದೇ ಆ ತಾಳದಲ್ಲಿ. ಪಿಯುಸಿ ಮುಗಿಯುವ ಹೊತ್ತಿಗೆ ಅಪ್ಪನ ಹಿಂದೆ ದಿನಾ ಐದು ಕಿಲೋಮೀಟರ್ ಓಡುತ್ತಿದ್ದಳು. ಮೂರು ವರ್ಷದ ಹಿಂದೆ ಗಡಿ ಕಾಯುವ ಪಡೆಗೆ ಕಾನ್‌ಸ್ಟೇಬಲ್ ಆಗಿ ಆಯ್ಕೆಯಾದಾಗ ಅಂಗಳದಲ್ಲಿ ನೆಟ್ಟಗೆ ನಿಂತು ಅಪ್ಪನಿಗೆ ಸೆಲ್ಯೂಟ್ ಹೊಡೆದಳು. ಅವನು ಸೆಲ್ಯೂಟ್ ತೆಗೆದುಕೊಳ್ಳಲಿಲ್ಲ. ಮೋಟರ್ ಆಫ್ ಮಾಡಿ ಬರುತ್ತೇನೆ ಎಂದು ಪಂಪ್‌ಹೌಸ್ ಕಡೆಗೆ ಹೋದವನು ಒಂದು ಗಂಟೆ ಬರಲಿಲ್ಲ.

ಇಂಥ ಕೆಲವು ನನಗೆ ಮೊದಲಿಂದಲೂ ಅರ್ಥವಾಗುತ್ತಿರಲಿಲ್ಲ. ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ಮಾಜಿ ಸೈನಿಕರಿಗೆ ಶಾಲು ಹೊದಿಸುತ್ತೇವೆ ಬನ್ನಿ ಎಂದು ಹೆಡ್‌ಮಾಸ್ಟರು ವರ್ಷಾ ವರ್ಷಾ ಕರೆದರೂ ಹೋಗುತ್ತಿರಲಿಲ್ಲ. ಸೆಕ್ಯೂರಿಟಿ ಕೆಲಸಕ್ಕೆ ಮಾಜಿ ಸೈನಿಕರನ್ನು ತಗೊಳ್ತಿದಾರೆ, ಅರ್ಜಿ ನಾನೇ ಹಾಕ್ತೀನಿ ಎಂದಾಗ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದ. ನಾನು ಅದನ್ನೆಲ್ಲ ಸ್ವಾಭಿಮಾನ ಎಂದುಕೊಂಡಿದ್ದೆ. ನಮ್ಮ ಭಾವ ಯಾರಿಗೂ ಕೈಚಾಚುವವನಲ್ಲ ಎಂದು ಅಂಗಡಿಯಲ್ಲಿ ಜಂಬವನ್ನೂ ಕೊಚ್ಚಿಕೊಂಡಿದ್ದೆ.

ಹೋದ ವರ್ಷ ದಸರಾ ಹೊತ್ತಿಗೆ ಅಕ್ಕನಿಗೆ ಲಿವರಿನಲ್ಲಿ ಗೆಡ್ಡೆ ಎಂದು ತುಮಕೂರಿನ ಡಾಕ್ಟರು ಹೇಳಿದರು. ಆಗ ನನಗೆ ನೆನಪಾದದ್ದು ಭಾವನ ಒಂಬತ್ತು ವರ್ಷ. ದೇಶ ಕಾದವನ ಹೆಂಡತಿಗೆ ದೇಶ ಒಂದು ಒಳ್ಳೆಯ ಆಸ್ಪತ್ರೆ ತೋರಿಸಬಾರದೇ? ನನ್ನದು ಗುಬ್ಬಿಯ ತಾಲ್ಲೂಕು ಆಫೀಸಿನ ಎದುರು ಜೆರಾಕ್ಸ್ ಅಂಗಡಿ. ನವೆಂಬರ್ ಬಂದರೆ ಪಿಂಚಣಿದಾರರೆಲ್ಲ ತಾವು ಬದುಕಿದ್ದೇವೆ ಎಂದು ಹೆಬ್ಬೆಟ್ಟು ಒತ್ತಲು ನನ್ನ ಮಿಷನ್ನಿಗೇ ಬರಬೇಕು. ಅವರಲ್ಲಿ ಸೇನೆಯಿಂದ ನಿವೃತ್ತರಾದ ಸುಬೇದಾರ್ ಲಕ್ಷ್ಮೀನರಸಿಂಹಯ್ಯ ಒಬ್ಬರು. ಅವರನ್ನು ಕೇಳಿದೆ.

"ಪಿನ್ಷನ್ ಇಲ್ದಿದ್ರೂ ಚಿಂತೆ ಇಲ್ಲ ಕಣ್ರಿ. ಮಾಜಿ ಸೈನಿಕ ಅಂತ ಆದ್ರೆ ಹೆಂಡ್ತಿ ಟ್ರೀಟ್ಮೆಂಟಿಗೆ ಏನಾದ್ರೂ ದಾರಿ ಇರ್ತದೆ. ಡಿಸ್‌ಚಾರ್ಜ್ ಬುಕ್ ತರ್ಸಿ."

"ಅದು ಕಳೆದೋಗಿದೆಯಂತೆ ಸಾರ್."

"ಹಂಗಾದ್ರೆ ಅವ್ರ ಮಿಲ್ಟ್ರಿ ನಂಬರ್ ಕೊಡಿ. ರೆಕಾರ್ಡ್ ಆಫೀಸಿಗೆ ಬರೆದ್ರೆ ಡೂಪ್ಲಿಕೇಟ್ ಕೊಡ್ತಾರೆ."

"ನಂಬರ್ ಮರ್ತೋಗಿದೆ ಅಂತಾರೆ."

ಸುಬೇದಾರರು ಜೋರಾಗಿ ನಕ್ಕರು. "ಹೆಂಡ್ತಿ ಹೆಸ್ರು ಬೇಕಾದ್ರೆ ಮರೀಬೋದು. ನಂಬರ್ ಮರೆಯೋ ಸಿಪಾಯಿ ಹುಟ್ಟಿಲ್ಲ. ನಡೀರಿ, ನಾನ್ ಕೇಳ್ತೀನಿ."

ಈ ಉಪಾಯ ನನಗೆ ಬಹಳ ಇಷ್ಟವಾಯಿತು. ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದೆ. ಭಾವ ನಮ್ಮ ಕಡೆಗೆ ಬೆನ್ನು ಮಾಡಿ, ಬರಿಗಾಲಿನಲ್ಲಿ, ಪಟಾಪಟಿ ಚಡ್ಡಿಯಲ್ಲಿ ಕಾಲುವೆಗೆ ಮಣ್ಣು ಎಳೆಯುತ್ತಿದ್ದ. ಸುಬೇದಾರರು ಮರದ ಹಿಂದೆ ನಿಂತು, ಎದೆ ತುಂಬ ಗಾಳಿ ಎಳೆದುಕೊಂಡು ಕೂಗಿದರು: "ಜವಾನ್! ನಂಬರ್, ರ್ಯಾಂಕ್, ನಾಮ್!"

ಗುದ್ದಲಿ ಎಲ್ಲಿಗೆ ಹಾರಿತೋ ಗೊತ್ತಿಲ್ಲ. ಕೆಸರಿನಲ್ಲೇ ಅವನ ಎರಡು ಹಿಮ್ಮಡಿಗಳು ಪಟ್ಟನೆ ಕೂಡಿಕೊಂಡವು, ಹೆಬ್ಬೆರಳು ಚಡ್ಡಿಯ ಹೊಲಿಗೆಗೆ ಅಂಟಿಕೊಂಡಿತು, ಗದ್ದ ಮೇಲೆದ್ದಿತು. ಹಿಂದೆ ತಿರುಗಿ ಕೂಡ ನೋಡದೆ ಎಂಟು ಅಂಕಿಗಳನ್ನು ಹಿಂದಿಯಲ್ಲಿ ಒಂದೇ ಉಸಿರಿಗೆ ಹೇಳಿ, "ಲಾನ್ಸ್ ನಾಯಕ್ ಸದಾಶಿವಯ್ಯ, ಸಾಬ್!" ಎಂದ. ನಾನು ನಗುತ್ತಾ ಅಂಗೈ ಮೇಲೆ ನಂಬರ್ ಬರೆದುಕೊಂಡೆ. ಅವನು ತಿರುಗಿ ನಮ್ಮನ್ನು ನೋಡಿದಾಗ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

ಸುಬೇದಾರರು ಎಳನೀರು ಕುಡಿದು ಬೈಕಿನ ಹತ್ತಿರ ಹೋದ ಮೇಲೆ ಅವನು ನನ್ನ ಕೈ ಹಿಡಿದುಕೊಂಡ. "ಬರೀಬೇಡ ಕಣೋ ಉದಯ. ಅಲ್ಲಿಗೆ ಕಾಗದ ಬರೀಬೇಡ."

"ನಿಮ್ಮ ಸ್ವಾಭಿಮಾನ ಇಟ್ಕೊಂಡು ನಮ್ಮಕ್ಕ ಸಾಯ್ಬೇಕಾ ಭಾವ?" ಎಂದು ಕೈ ಕಿತ್ತುಕೊಂಡು ಬಂದೆ. ಅವತ್ತೇ ಮಧ್ಯಾಹ್ನ ಆಸ್ಪತ್ರೆಯ ಕಾಗದ ಎಂದಷ್ಟೇ ಹೇಳಿ ಅಕ್ಕನ ಸಹಿ ಹಾಕಿಸಿ, ನನ್ನ ಅಂಗಡಿಯ ವಿಳಾಸ ಕೊಟ್ಟು ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ. ಸಾವಿರಾರು ಜನರ ಅರ್ಜಿ ಬರೆದ ಕೈ ನನ್ನದು. ಅಷ್ಟು ಶ್ರದ್ಧೆಯಿಂದ ಇನ್ನೊಂದು ಅರ್ಜಿ ಬರೆದಿಲ್ಲ.

ಜನವರಿಯಲ್ಲಿ ಉತ್ತರ ಬಂತು. ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಈ ನಂಬರಿನ ಲಾನ್ಸ್ ನಾಯಕ್ ರಜೆ ಮುಗಿದ ಮೇಲೆ ಕೆಲಸಕ್ಕೆ ಹಾಜರಾಗಲಿಲ್ಲ. ಪಲಾಯನ ಮಾಡಿದವನೆಂದು ಘೋಷಿಸಿ ಸೇವೆಯಿಂದ ವಜಾ ಮಾಡಲಾಗಿದೆ. ಅವನನ್ನು ಮಾಜಿ ಸೈನಿಕನೆಂದು ಪರಿಗಣಿಸಲು ಬರುವುದಿಲ್ಲ. ಸುಬೇದಾರರು ಓದಿ ಕಾಗದವನ್ನು ಕೌಂಟರಿನ ಮೇಲೆ ಇಟ್ಟು, ಬೆರಳುಗಳನ್ನು ಪಂಚೆಗೆ ಒರೆಸಿಕೊಂಡರು. "ಭಗೋಡಾ" ಎಂದರು. ಓಡಿಹೋದವನು ಎಂದು ಅರ್ಥ. "ನಾನ್ ಯಾರ್ಗೂ ಹೇಳಲ್ಲ. ಆದ್ರೆ ಅವ್ರ ಎಳನೀರು ಕುಡಿದ್ನಲ್ಲ ಕಣ್ರಿ" ಎಂದು ಎದ್ದುಹೋದವರು ಮತ್ತೆ ನನ್ನ ಅಂಗಡಿಗೆ ಬಂದಿಲ್ಲ.

ನಾನು ಬೈಕ್ ಹತ್ತಿ ನೇರ ತೋಟಕ್ಕೆ ಹೋದೆ. ಇಪ್ಪತ್ನಾಲ್ಕು ವರ್ಷ ನಮ್ಮ ಕಣ್ಣಿಗೆ ಮಣ್ಣೆರಚಿದವನನ್ನು ಹಿಡಿದು ಝಾಡಿಸಬೇಕೆಂದೇ ಹೋದದ್ದು. ಕಾಗದ ಕೈಗೆ ಕೊಟ್ಟಾಗ ಅವನು ಓದಲೂ ಇಲ್ಲ.

"ತೊಂಬತ್ತೆಂಟನೇ ಇಸ್ವಿ," ಎಂದ. "ಅವ್ವಂಗೆ ಹುಷಾರಿಲ್ಲ ಅಂತ ಇಪ್ಪತ್ತೆಂಟು ದಿನ ರಜಾ ಬಂದಿದ್ದೆ. ರಜಾ ಮುಗಿಯೋ ದಿನ ಅವ್ವ ಇನ್ನೂ ಉಸಿರಾಡ್ತಿದ್ಲು. ಹೆಂಗ್ ಬುಟ್ಟು ಹೋಗ್ಲಿ ಹೇಳು. ಇನ್ನೆರಡು ದಿನ ಅಂದ್ಕಂಡೆ. ಟೆಲಿಗ್ರಾಂ ಹಾಕ್ದೆ, ರಜಾ ಇಲ್ಲ ಬಾ ಅಂತ ಬಂತು. ಐದನೇ ದಿನ ಹೋದ್ಲು. ಹನ್ನೊಂದು ದಿನದ ಕಾರ್ಯ ಮುಗಿಸ್ದೆ. ಒಟ್ಟು ಹದಿನಾರು ದಿನ ಲೇಟು."

"ಹದಿನಾರೇ ದಿನ! ಹೋಗಿದ್ರೆ ನೇಣಿಗೆ ಹಾಕ್ತಿದ್ರಾ?"

"ಇಲ್ಲ. ಬೆಲ್ಟ್ ಬಿಚ್ಚಿಸಿ, ನನ್ ಕೈಕೆಳಗಿನ ಹುಡುಗ್ರ ಮುಂದೆ ಒಂದಷ್ಟು ದಿನ ಒಳಗೆ ಕೂರಿಸ್ತಿದ್ರು. ಅಷ್ಟೇ. ಅದಕ್ಕೇ ಹೆದರ್ಕಂಡೆ. ಎರಡ್ ಸಲ ರೈಲು ಹತ್ತಿದೆ ಉದಯ. ಎರಡ್ ಸಲಾನೂ ಅರಸೀಕೆರೆಲಿ ಇಳ್ದ್ಬುಟ್ಟೆ. ಮೂರನೇ ಸಲ ಟಿಕೆಟ್ ತಗಳಕ್ಕೇ ಧೈರ್ಯ ಬರ್ಲಿಲ್ಲ."

"ಮತ್ತೆ ಈ ಸುಣ್ಣ, ಕೆಮ್ಮಣ್ಣು, ಹದಿನೆಂಟು ಮೂವತ್ತು, ಈ ವೇಷ ಎಲ್ಲ ಯಾಕೆ?"

"ವೇಷ ಅಲ್ಲ ಕಣೋ. ಬೇರೆ ಥರ ಬದುಕಕ್ಕೆ ನಂಗ್ ಬರಲ್ಲ."

ಇದಕ್ಕೆ ಏನು ಬೈಯುವುದು? ಆದರೂ ಬೈದೆ. ಬೈದು, ಅಕ್ಕನಿಗೆ ಹೇಳಿಯೇ ತೀರುತ್ತೇನೆ ಎಂದು ಮನೆಯೊಳಗೆ ಹೋದರೆ ಅವಳು ಹಾಸಿಗೆಯಲ್ಲಿ ಒರಗಿಕೊಂಡು ಎಲ್ಲ ಕೇಳಿಸಿಕೊಂಡಿದ್ದಳು. "ಮದ್ವೆಯಾದ ಮೂರ್ನೇ ದಿನವೇ ಹೇಳಿದ್ರು" ಎಂದಳು. ಅಕ್ಕ ನನ್ನ ಕೈಯನ್ನು ತನ್ನ ತಲೆ ಮೇಲೆ ಇಟ್ಟುಕೊಂಡಳು. "ರೂಪನ ಕಿವಿಗೆ ಮಾತ್ರ ಬೀಳಬಾರ್ದು. ಅವಳು ಆ ಬಟ್ಟೆ ಹಾಕ್ಕೊಂಡಿರೋದೇ ಅಪ್ಪನ್ನ ನೋಡಿ. ನನ್ನಾಣೆ ಕಣೋ." ನಾನು ಆಣೆ ಮಾಡಿದೆ. ಆ ಮನೆಯಲ್ಲಿ ಮಗಳ ಕಣ್ಣಿನಲ್ಲಿ ಅವನು ಸಿಪಾಯಿಯಾಗಿ ಉಳಿಯುವುದೊಂದೇ ಉಳಿದಿದ್ದ ಆಸ್ತಿ, ಅದಕ್ಕೆ ನಾನು ಕಾವಲು.

ಫೆಬ್ರವರಿಯಲ್ಲಿ ರೂಪ ಹದಿನೈದು ದಿನ ರಜೆ ಹಾಕಿ ಬಂದಳು. ಅವಳ ಪೋಸ್ಟಿಂಗ್ ಬಂಗಾಳದ ಗಡಿಯಲ್ಲಿ. ರಜೆ ಮುಗಿಯುವ ಹೊತ್ತಿಗೆ ಅಕ್ಕನನ್ನು ಆಸ್ಪತ್ರೆಯವರು ಮನೆಗೆ ಕಳಿಸಿದ್ದರು. ಒಂದು ವಾರ ಅಂದ್ಕೊಳ್ಳಿ ಎಂದು ಡಾಕ್ಟರು ನನ್ನ ಕಿವಿಯಲ್ಲಿ ಹೇಳಿದ್ದರು. ಗುರುವಾರ ಬೆಳಿಗ್ಗೆ ರೂಪ ಕೆಲಸಕ್ಕೆ ಹಾಜರಾಗಬೇಕು, ಸೋಮವಾರ ಸಂಜೆ ಯಶವಂತಪುರದಲ್ಲಿ ರೈಲು. ಇನ್ನು ಹತ್ತು ದಿನ ರಜೆ ಬೇಕೆಂಬ ಅರ್ಜಿಯನ್ನು, ಡಾಕ್ಟರ ಚೀಟಿಯ ಜೊತೆ, ಶನಿವಾರವೇ ನಾನು ಮೇಲ್ ಮಾಡಿದ್ದೆ. ಕಳಿಸಿ, ನೋಡೋಣ ಎಂದಿದ್ದ ಅವಳ ಸಾಹೇಬರಿಂದ ಸೋಮವಾರ ಮಧ್ಯಾಹ್ನವಾದರೂ ಉತ್ತರವಿಲ್ಲ.

"ಆರ್ಡರ್ ಬಂದಿಲ್ಲ. ಬ್ಯಾಗ್ ಎತ್ಕೋ," ಎಂದ ಭಾವ.

"ಅಪ್ಪ, ಅಮ್ಮನ್ನ ನೋಡು. ಇನ್ನೆರಡು ದಿನ ಇರ್ತೀನಿ. ಲೇಟಾದ್ರೆ ಪನಿಷ್‌ಮೆಂಟ್ ನಾನ್ ತಗೋತೀನಿ."

"ಎರಡು ದಿನ ಅಂತ ಯಾವುದೂ ಇರಲ್ಲ. ಎತ್ಕೋ."

ಅಕ್ಕ ಮಗಳ ಬೆರಳು ಹಿಡಿದುಕೊಂಡಿದ್ದಳು. "ಇರ್ಲಿ ಬುಡ್ರೀ" ಎಂದಳು. ಗಂಡನನ್ನು ಅವಳು ಜೀವನದಲ್ಲಿ ಕೇಳಿಕೊಂಡದ್ದು ಅದೊಂದೇ ಇರಬೇಕು. ಅವನು ಬಾಗಿ, ಅಕ್ಕನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ನಾನು ಅವನನ್ನು ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದೆ. ಅವಳು ನೀವಲ್ಲ, ಇದು ಟೆಲಿಗ್ರಾಂ ಕಾಲವಲ್ಲ, ಎರಡು ದಿನಕ್ಕೆ ಯಾರೂ ಕೆಲಸ ಕಿತ್ತುಕೊಳ್ಳುವುದಿಲ್ಲ ಎಂದು ಹಲ್ಲು ಕಚ್ಚಿಕೊಂಡು ಹೇಳಿದೆ. "ನಂಗೂ ಯಾರೂ ಕಿತ್ಕಳ್ಳಿಲ್ಲ ಉದಯ. ನಾನೇ ಕಳ್ಕಂಡೆ," ಎಂದ. ಹೋಗಿ, ಸ್ಟೇಷನ್ನಿಗೆಂದು ಕರೆಸಿದ್ದ ಕಾರಿನ ಬಾಗಿಲು ತೆಗೆದು ನಿಂತುಕೊಂಡ.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಅಕ್ಕ ಹೋದಳು. ಫೋನ್ ಮಾಡಿ ತಿಳಿಸಿದವನು ನಾನೇ. ರೈಲಿನ ಸದ್ದಿನ ನಡುವೆ ರೂಪ ಕಿರುಚುತ್ತಿದ್ದಳು: "ಮುಂದೆ ವಿಜಯವಾಡ ಮಾಮ, ಇಳ್ದು ವಾಪಸ್ ಬರ್ತೀನಿ, ನಾಳೆ ತನಕ ಅಮ್ಮನ್ನ ಇಟ್ಕೊಂಡಿರಿ!" ಇಟ್ಕೋತೀವಿ ಬಾ ಎನ್ನುವಷ್ಟರಲ್ಲಿ ಅವನು ಫೋನ್ ಕಿತ್ತುಕೊಂಡ.

"ಇಳೀಬೇಡ. ಮೊದ್ಲು ಹೋಗಿ ರಿಪೋರ್ಟ್ ಮಾಡು. ರಜಾ ಅಲ್ಲಿಂದ ತಗಂಡು ಬಾ."

ಆ ಕಡೆಯಿಂದ ಏನು ಹೇಳಿದಳೋ. "ಇಳೀಬೇಡ ಅಂದ್ನಲ್ಲ" ಎಂದು ಇನ್ನೊಮ್ಮೆ ಗದರಿಸಿ ಫೋನ್ ಕೊಟ್ಟ. ಆಮೇಲೆ ಅವಳ ನಂಬರ್ ಸ್ವಿಚ್ ಆಫ್. ಮಧ್ಯಾಹ್ನ ಹನ್ನೆರಡೂವರೆಗೆ, ನಾವು ತೋಟದಲ್ಲಿ ಸಮಾಧಿಯ ಗುಣಿ ತೆಗೆಸುತ್ತಿದ್ದಾಗ, ನನ್ನ ಮೊಬೈಲಿಗೆ ಮೇಲ್ ಬಂತು. ರಜೆ ಹತ್ತು ದಿನ ಮಂಜೂರಾಗಿದೆ. ನಾನು ಅದನ್ನು ಅವನ ಮೂಗಿನ ಮುಂದೆ ಹಿಡಿದೆ. ಓದಿದ. ವಿಭೂತಿ ಗಟ್ಟಿಗಳನ್ನು ಎಣಿಸುವುದಕ್ಕೆ ಹೋದ. ಸಂಜೆ ಅಕ್ಕನನ್ನು ಕೂರಿಸಿ ಮಣ್ಣು ಮುಚ್ಚಿದೆವು, ಮಗಳು ಇಲ್ಲದೆ.

ರೂಪ ಹೋಗಿ ಹಾಜರಾಗಿ, ಮಂಜೂರಾದ ರಜೆಯನ್ನು ಹಿಡಿದು, ವಿಮಾನದಲ್ಲಿ ಶುಕ್ರವಾರ ಬಂದಳು. ನೆಂಟರೆಲ್ಲ ಪಡಸಾಲೆಯಲ್ಲಿದ್ದರು. ಬ್ಯಾಗ್ ಕೂಡ ಇಳಿಸದೆ ಅಪ್ಪನ ಎದುರು ನಿಂತಳು.

"ಆರ್ಡರ್ ಬಂದಿತ್ತಲ್ಲ. ಒಂದೇ ಒಂದು ದಿನ ನನ್ನ ಇಲ್ಲಿ ಇರಿಸ್ಕೊಂಡಿದ್ರೆ ಅಮ್ಮ ನನ್ ತೊಡೆ ಮೇಲೆ ಹೋಗ್ತಿದ್ಲು. ರೈಲಿಂದ ಇಳಿಯೋಕೂ ಬಿಡಲಿಲ್ಲ. ನಾನೂ ಯೂನಿಫಾರಂ ಹಾಕ್ತೀನಿ ಅಪ್ಪ, ದೊಡ್ಡ ದೊಡ್ಡ ಸಾಹೇಬರನ್ನ ನೋಡಿದೀನಿ. ಹೆಂಡ್ತಿ ಸತ್ರೂ ಡ್ಯೂಟಿ ಅನ್ನೋ ಕಲ್ಲು ಸಿಪಾಯಿನ ಎಲ್ಲೂ ನೋಡಿಲ್ಲ."

"ಮಿಲ್ಟ್ರಿಯವರೇ ಹಂಗೆ ಕಣವ್ವ" ಎಂದು ಯಾರೋ ಮುದುಕಿ ಸಮಾಧಾನ ಹೇಳಿದಳು. ನನ್ನ ನಾಲಿಗೆಯ ತುದಿಗೆ ಬಂದಿತ್ತು. ಇವನು ಕಲ್ಲಲ್ಲ ಕಣಮ್ಮ, ತನ್ನ ತಾಯಿಯ ಹತ್ತಿರ ಉಳಿದುಕೊಂಡು ಹಾಳಾದವನು, ನೀನು ಹಾಗಾಗಬಾರದು ಎಂದು ಹೀಗೆ ಮಾಡಿದ ಎಂದು ಒಂದು ಮಾತು ಅಂದಿದ್ದರೆ ಅವಳು ಅಲ್ಲೇ ಅವನ ಕೊರಳಿಗೆ ಬೀಳುತ್ತಿದ್ದಳು. ಬಾಯಿ ತೆರೆದೆ ಕೂಡ. ಅವನು ನನ್ನನ್ನು ನೋಡಿದ. ಬೇಡ ಎಂದು ತಲೆಯಾಡಿಸಿದ, ಕೂದಲೆಳೆಯಷ್ಟು. ಮಗಳು ಕಲ್ಲು ಸಿಪಾಯಿ ಎಂದು ಉಗಿಯುತ್ತಿದ್ದಾಳೆ, ಈ ಮಹಾನುಭಾವನಿಗೆ ಅದರಲ್ಲಿ ಸಿಪಾಯಿ ಎಂಬುದಷ್ಟೇ ಕೇಳಿಸಿದೆ. ಅಕ್ಕನ ಆಣೆ ನೆನೆದು ಬಾಯಿ ಮುಚ್ಚಿದೆ. ನನಗೆ ಅವನ ಮೇಲೆ ಬಂದ ಸಿಟ್ಟು ನನ್ನ ಮೇಲೂ ಬಂತು. ಆ ಹಾಳು ನಂಬರನ್ನು ನಾನು ಅಂಗೈ ಮೇಲೆ ಬರೆದುಕೊಳ್ಳದೇ ಇದ್ದಿದ್ದರೆ, ಅವಳ ಜೊತೆ ಸೇರಿಕೊಂಡು ನಾನೂ ಅವನನ್ನು ಹಾಯಾಗಿ ಬೈದು ಹಗುರಾಗುತ್ತಿದ್ದೆ.

ಹನ್ನೊಂದನೇ ದಿನದ ಗಣಾರಾಧನೆ ಮುಗಿಯಿತು. ರೂಪ ಅಪ್ಪನ ಹತ್ತಿರ ಮಾತಾಡದೆ, ಅವನು ತೊಳೆದು ಇಸ್ತ್ರಿ ಮಾಡಿಟ್ಟ ಬಟ್ಟೆಯನ್ನು ಮುಟ್ಟದೆ ಹೊರಟಳು. ಸ್ಟೇಷನ್ನಿಗೆ ಅವರು ಬರೋದು ಬೇಡ ಮಾಮ ಎಂದಳು. ನಾನೇ ಬಿಟ್ಟು ಬಂದೆ.

ನಾಲ್ಕನೇ ದಿನ ಬೆಳಿಗ್ಗೆ ನಾನು ಅಂಗಡಿಯ ಷಟರ್ ಎತ್ತುವಾಗ ಅವನು ಆಗಲೇ ಬಂದು ನಿಂತಿದ್ದ. "ಒಂದ್ ಫೋನ್ ಮಾಡೋ ಉದಯ. ಟೈಮಿಗೆ ಸೇರ್ಕಂಡ್ಲಾ ಕೇಳು. ನಾನ್ ಮಾಡಿದ್ರೆ ಎತ್ತಲ್ಲ" ಎಂದ. ಸ್ಪೀಕರ್ ಹಾಕಿ ಫೋನ್ ಮಾಡಿದೆ.

"ಇವತ್ತು ಸೇರ್ಬೇಕಿತ್ತು, ನಿನ್ನೆನೇ ಸೇರಿದೀನಿ. ನಿಮ್ಮ ಭಾವಂಗೆ ಹೇಳ್ಬಿಡಿ ಮಾಮ" ಎಂದು ಇಟ್ಟುಬಿಟ್ಟಳು.

"ಒಂದಿನ ಮುಂಚೆನೇ?" ಎಂದ ಅವನು. ಮುಖ ಅರಳಿತು. ಅಕ್ಕ ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಅಪ್ಪ ಎನ್ನುವ ಕಡೆ ಅವಳು ನಿಮ್ಮ ಭಾವ ಎಂದದ್ದು ಆ ಮನುಷ್ಯನ ಕಿವಿಗೆ ಬೀಳಲೇ ಇಲ್ಲ.